ದಿನಕ್ಕೆ ನಾಲ್ಕೇ, ಅದೂ ಕಿಟಕಿಯ ಪಕ್ಕ

ನಾನು ನಲವತ್ತೆಂಟು ವರ್ಷ ದಿನಕ್ಕೆ ನಾಲ್ಕು ಸಿಗರೇಟು ಸೇದಿದವನು. ಮೂರಲ್ಲ, ಐದಲ್ಲ. ಬೆಳಿಗ್ಗೆ ಕಾಫಿಯ ನಂತರ ಆರು ಐವತ್ತಕ್ಕೆ ಒಂದು, ಹನ್ನೊಂದಕ್ಕೆ ಒಂದು, ಮಧ್ಯಾಹ್ನ ಮೂರೂವರೆಗೆ ಒಂದು, ಸಂಜೆ ಆರೂಕಾಲಿಗೆ ಒಂದು. ಮಗಳ ಮದುವೆಯ ದಿನ ಧಾರೆಯ ಮುಹೂರ್ತ ಹನ್ನೊಂದರ ಆಚೆ ಈಚೆ ಇತ್ತು. ಪುರೋಹಿತರನ್ನು ಕಾಡಿ ಬೇಡಿ ಹನ್ನೊಂದರೊಳಗೇ ಧಾರೆ ಮುಗಿಸಿಕೊಂಡೆ. ಗಡಿಯಾರ ಹನ್ನೊಂದು ಹೊಡೆಯುವಾಗ ಛತ್ರದ ಹಿಂದೆ, ಪಾತ್ರೆ ತೊಳೆಯುವ ಜಾಗದಲ್ಲಿ ನಿಂತಿದ್ದೆ. ಅಲ್ಲಿ ದೊಡ್ಡ ಹಂಡೆ ಉಜ್ಜುತ್ತಿದ್ದ ಹೆಂಗಸರು ಸೆರಗನ್ನು ಮೂಗಿಗೆ ಅಡ್ಡ ಹಿಡಿದರು. ಹೆಣ್ಣಿನ ತಂದೆಯನ್ನು ಕಂಡು ನಾಚಿಕೊಂಡರು ಎಂದುಕೊಂಡೆ.

ಚಟ ಇರುವವರು ಬೇರೆ, ವೇಳಾಪಟ್ಟಿ ಇರುವವರು ಬೇರೆ ಎಂಬುದು ನನ್ನ ಸಿದ್ಧಾಂತವಾಗಿತ್ತು. ನಾನು ಎರಡನೆಯ ಜಾತಿಯವನು.

ಈ ಶಿಸ್ತು ನನಗೆ ಬಂದದ್ದು ಗಣಿಯಿಂದ. ಕೆಜಿಎಫ್‌ನಲ್ಲಿ ಚಿನ್ನದ ಗಣಿ ಮುಚ್ಚುವವರೆಗೆ ನಾನು ನೆಲದಡಿಯಲ್ಲಿ ಬಂಡೆ ಸಿಡಿಸುವ ಕೆಲಸದ ಉಸ್ತುವಾರಿ ನೋಡುತ್ತಿದ್ದೆ. ಬಂಡೆಗೆ ತೂತು ಕೊರೆದು, ಮದ್ದು ತುಂಬಿ, ಎಲ್ಲರನ್ನೂ ದೂರ ಕಳಿಸಿ ಬ್ಲಾಸ್ಟ್ ಮಾಡಿದರೆ ಸುರಂಗದ ತುಂಬ ಹೊಗೆ. ಆ ಹೊಗೆ ಹೋಗುವವರೆಗೆ ಯಾರೂ ಒಳಗೆ ಕಾಲಿಡುವಂತಿಲ್ಲ. ಹೋಯಿತೋ ಇಲ್ಲವೋ ಎಂದು ಹೇಳಬೇಕಾದವನು ನಾನು. ಕೆಲಸಗಾರರಲ್ಲಿ ತಮಿಳು ಮಾತಾಡುವವರೇ ಹೆಚ್ಚು. ದೂರದಲ್ಲಿ ಸಾಲಾಗಿ ಕುಳಿತು "ಪೊಗೆ ಪೋಚ್ಚಾ?" ಎಂದು ಕೂಗುತ್ತಿದ್ದರು. ಹೊಗೆ ಹೋಯಿತಾ ಎಂದು. ನಾನು ಗಡಿಯಾರ ನೋಡಿ, ಟೋಪಿಯ ದೀಪದ ಬೆಳಕನ್ನು ಆ ಕಡೆ ಹಾಯಿಸಿ ನೋಡಿ, "ಪೋಚ್ಚು" ಎಂದ ಮೇಲೆಯೇ ಅವರು ಎದ್ದು ಬರುತ್ತಿದ್ದದ್ದು.

ಒಮ್ಮೆ ದೊಡ್ಡ ಅಧಿಕಾರಿಯೊಬ್ಬರು, ಮೇಲೆ ಅತಿಥಿಗಳು ಕಾಯುತ್ತಿದ್ದಾರೆ, ಬೇಗ ಒಳಗೆ ಬಿಡಿ ಎಂದು ಅವಸರ ಮಾಡಿದರು. ಇನ್ನೂ ಹನ್ನೆರಡು ನಿಮಿಷ ಬಾಕಿ ಇತ್ತು. ನಾನು ಎರಡೂ ಕೈ ಚಾಚಿ ಅಡ್ಡ ನಿಂತು, "ಸರ್, ನೀವು ಯಾರು ಅಂತ ಹೊಗೆಗೆ ಗೊತ್ತಾಗೋದಿಲ್ಲ" ಎಂದೆ. ಅವರು ಮುಖ ಕೆಂಪಗೆ ಮಾಡಿಕೊಂಡು ಹನ್ನೆರಡು ನಿಮಿಷವೂ ಕಾದರು. ಈ ಕತೆಯನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, "ಹನ್ನೆರಡು ನಿಮಿಷ" ಎಂಬಲ್ಲಿಗೆ ಬರುವಷ್ಟರಲ್ಲಿ ನನ್ನ ಹೆಂಡತಿ ಎದ್ದು ಅಡುಗೆಮನೆಗೆ ಹೋಗಿರುತ್ತಾಳೆ.

ಗಣಿ ಮುಚ್ಚಿದ ಮೇಲೆ ಅಲ್ಲಿ ಇಲ್ಲಿ ಕೆಲಸ ಮಾಡಿ, ಕಡೆಗೆ ಆಂಡರ್ಸನ್‌ಪೇಟೆಯ ಒಂದು ಹೊಲಿಗೆ ಶೆಡ್ಡಿಗೆ ಮೇಲ್ವಿಚಾರಕನಾದೆ. ವಯಸ್ಸು ಎಪ್ಪತ್ತು ದಾಟಿದರೂ ಬೆಳಿಗ್ಗೆ ಎಂಟೂ ಐವತ್ತೈದಕ್ಕೆ ಬೀಗ ತೆಗೆಯುವವನು ನಾನೇ. ಅಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಾರೆ. ಮಾಲೀಕರ ಅಂಗಡಿ ಬಂಗಾರಪೇಟೆಯಲ್ಲಿ, ಅವರು ಇತ್ತ ಬರುವುದು ಅಪರೂಪ. ಹೊಲಿಯುವವರು ಏಳು ಜನ ಹೆಂಗಸರು. ಪ್ರತಿಯೊಂದು ಕತ್ತರಿಯ ಆಕಾರವನ್ನೂ ಗೋಡೆಯ ಮೇಲೆ ಬರೆದು ಮೊಳೆ ಹೊಡೆದಿದ್ದೇನೆ, ಯಾವ ಕತ್ತರಿ ಜಾಗದಲ್ಲಿಲ್ಲ ಎಂಬುದು ಬಾಗಿಲಲ್ಲೇ ತಿಳಿಯಬೇಕೆಂದು. "ಇಲ್ಲಿ ಧೂಮಪಾನ ನಿಷೇಧಿಸಲಾಗಿದೆ" ಎಂಬ ಬೋರ್ಡನ್ನೂ ನಾನೇ ಹಾಕಿದ್ದು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕೂದಲೆಳೆಯಷ್ಟೂ ವಾರೆಯಾಗದಂತೆ ಹೊಡೆದೆ. ಅದು ಸರಿಯಾಗಿ ನನ್ನ ಕುರ್ಚಿಯ ಮೇಲೆ ಇದೆ. ಅದರ ಕೆಳಗೆ ಕೂತು ದಿನಕ್ಕೆ ಎರಡು ಸೇದುತ್ತಿದ್ದೆ. ಬೋರ್ಡು ಹೊರಗಿನಿಂದ ಬರುವವರಿಗೆ ಎಂದು ನನ್ನ ಭಾವನೆ.

ಕಾಳಜಿ ಇರಲಿಲ್ಲವೆಂದಲ್ಲ. ಕಿಡಿ ಹಾರಿ ಬಟ್ಟೆಗೆ ತಾಗಬಾರದೆಂದು ಕುರ್ಚಿಯ ಪಕ್ಕದಲ್ಲಿ ಒಂದು ಡಬ್ಬದ ತುಂಬ ಮರಳು ಇಟ್ಟುಕೊಂಡಿದ್ದೆ. ಬಟ್ಟೆಯ ಕ್ಷೇಮದ ಬಗ್ಗೆ ನಾನು ಸಾಕಷ್ಟು ಯೋಚಿಸಿದ್ದೆ.

ಶೆಡ್ಡಿಗೆ ಮೂರು ಕಿಟಕಿ. ರಸ್ತೆಯ ಧೂಳು ಬಿದ್ದು ಬಿಳಿ ಷರ್ಟುಗಳು ಹಾಳಾಗುತ್ತವೆಂದು ಎರಡಕ್ಕೆ ನಾನೇ ಮೊಳೆ ಜಡಿದು ಭದ್ರ ಮಾಡಿದ್ದೆ. ಮೂರನೆಯದು ನನ್ನ ಮೇಜಿನ ಪಕ್ಕ. ಅದಕ್ಕೆ ಸರಿಯಾಗಿ ಎದುರಿಗೆ, ಶೆಡ್ಡಿನ ಇನ್ನೊಂದು ಕೊನೆಯಲ್ಲಿ, ಹಿಂಬಾಗಿಲು. ಆ ಬಾಗಿಲ ಹತ್ತಿರ ಬೆಳಕು ಚೆನ್ನಾಗಿರುವುದರಿಂದ ಷರ್ಟುಗಳಿಗೆ ಕಾಜಾ ಹಾಕುವ ಮೆಷಿನನ್ನು ಅಲ್ಲಿಟ್ಟಿದ್ದೆವು. ಕಾಜಾ ಹಾಕುತ್ತಿದ್ದವಳು ಕ್ಯಾಸಂಬಳ್ಳಿ ಕಡೆಯ ಹೆಣ್ಣುಮಗಳು. ಮೂವತ್ತೈದರ ಆಸುಪಾಸು. ಆರು ವರ್ಷದಿಂದ ದಿನಾ ಒಂದೇ ಬಸ್ಸಿಗೆ ಬಂದು, ಒಂದೇ ಜಾಗದಲ್ಲಿ ಕೂತು, ಗುಂಡಿ ತೂರುವ ಒಂದೊಂದು ಸೀಳನ್ನೂ ಒಂದೇ ಅಳತೆಯಲ್ಲಿ ಹಾಕಿದವಳು. ಇಷ್ಟು ವರ್ಷದಲ್ಲಿ ನಾನು ಗದರಿಸದೆ ಬಿಟ್ಟ ಒಬ್ಬಳೇ ಕೆಲಸಗಾರ್ತಿ ಅವಳು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅವಳಿಗೆ ಕೆಮ್ಮು ಹತ್ತಿಕೊಂಡಿತು. ಬರೀ ಕೆಮ್ಮಲ್ಲ, ಉಸಿರು ಎಳೆದುಕೊಳ್ಳುವಾಗ ಸಣ್ಣಗೆ ಸಿಳ್ಳೆಯ ಸದ್ದು. ಕೆಮ್ಮಿ ಮುಗಿದ ಮೇಲೆ ಎರಡೂ ಕೈಯನ್ನು ಮೆಷಿನಿನ ಮೇಲೆ ಊರಿ, ಬೆಟ್ಟ ಹತ್ತಿ ಬಂದವಳಂತೆ ಸ್ವಲ್ಪ ಹೊತ್ತು ಕೂರುತ್ತಿದ್ದಳು. ನಾನು ಸುಮ್ಮನಿರುವವನಲ್ಲ. ಶುಂಠಿ ಕಷಾಯ ಹೇಳಿದೆ. ಮನೆಯಲ್ಲಿ ಸೌದೆ ಒಲೆಯೋ ಎಂದು ವಿಚಾರಿಸಿದೆ. ಗ್ಯಾಸ್ ಇದೆ ಎಂದಳು. ರಾಗಿ ಹೊಟ್ಟಿನ ಧೂಳು ಇರಬೇಕು ಎಂದೆ. ಒಕ್ಕಣೆಗೆ ಇನ್ನೂ ಎರಡು ತಿಂಗಳಿದೆ ಎಂದಳು. ಕಡೆಗೆ, ಇಂಥದ್ದಕ್ಕೆಲ್ಲ ಸರಿಯಾದ ದಾಖಲೆ ಬೇಕು ಎಂದು ನಾನೇ ಒಂದು ಹಾಳೆಯ ಮೇಲೆ ಗೆರೆ ಎಳೆದು, ಹದಿನೈದು ದಿನ ಅವಳು ಕೆಮ್ಮಿದ ಹೊತ್ತನ್ನೆಲ್ಲ ಬರೆದೆ. ಡಾಕ್ಟರಿಗೆ ಅನುಕೂಲವಾಗಲಿ ಎಂದು.

ಹಾಳೆ ಬಹಳ ಅಂದವಾಗಿ ಬಂದಿತ್ತು. ಹೆಚ್ಚಿನ ದಿನ ಹನ್ನೊಂದೂ ಹತ್ತರ ಸುಮಾರಿಗೆ ಒಮ್ಮೆ, ಮೂರೂ ನಲವತ್ತರ ಸುಮಾರಿಗೆ ಇನ್ನೊಮ್ಮೆ. ನಾನು ಅದನ್ನು ಅಧ್ಯಯನ ಮಾಡಿ, ಬಿಸಿಲು ಏರುವಾಗ ಮತ್ತು ಇಳಿಯುವಾಗ ಹವೆ ಬದಲಾಗುವುದೇ ಕಾರಣ ಎಂದು ಕೆಳಗೆ ಷರಾ ಬರೆದು, ಸಹಿ ಹಾಕಿ, ಅವಳ ಕೈಗೆ ಕೊಟ್ಟೆ. ಅವಳು ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಆಮೇಲೆ ನನ್ನ ಮುಖ ನೋಡಿದಳು. "ಆಗ್ಲಿ ಸಾ" ಎಂದು ಮಡಿಚಿ ಚೀಲಕ್ಕೆ ಹಾಕಿಕೊಂಡಳು.

ಹಾಗೆ ನೋಡಿದವಳು ಕೃತಜ್ಞತೆಯಿಂದ ನೋಡಿದಳು ಎಂದು ನಾನು ಆ ದಿನ ಸಂಜೆ ಮನೆಯಲ್ಲಿ ಹೇಳಿದೆ.

ಅವಳು ಬಂಗಾರಪೇಟೆಯ ಒಬ್ಬ ಡಾಕ್ಟರಿಗೆ ತೋರಿಸಿಕೊಂಡಳು. ಅವರು ಎದೆಯ ಮೇಲೆ ಕೊಳವೆ ಇಟ್ಟು ನೋಡಿ, ಬಾಯಿಗೆ ಒತ್ತಿಕೊಳ್ಳುವ ಒಂದು ಪಂಪನ್ನು ಬರೆದುಕೊಟ್ಟು, ಕೇಳಿದ ಮೊದಲ ಪ್ರಶ್ನೆ: "ನಿಮ್ಮ ಹತ್ತಿರ ಯಾರು ಸಿಗರೇಟು ಸೇದ್ತಾರೆ?" ಜೊತೆಗೆ ಗಂಡ ಮತ್ತು ಅತ್ತೆ ಇದ್ದರು. ಅವಳು ತಲೆ ತಗ್ಗಿಸಿ ಸುಮ್ಮನಿದ್ದಳು. ಅತ್ತೆ ಅದನ್ನು ಬೇರೆಯೇ ರೀತಿಯಲ್ಲಿ ಅರ್ಥ ಮಾಡಿಕೊಂಡರು. ಸೊಸೆಯ ಸೀರೆ ಒಗೆಯುವಾಗ ಸಿಗರೇಟಿನ ವಾಸನೆ ಬರುವುದನ್ನು ಅವರು ಎಷ್ಟೋ ದಿನದಿಂದ ಗಮನಿಸಿದ್ದರಂತೆ. ತನ್ನ ಮಗನೇ ಕದ್ದು ಸೇದುತ್ತಾನೆ, ಇವಳು ಗಂಡನನ್ನು ಬಿಟ್ಟುಕೊಡುತ್ತಿಲ್ಲ ಎಂದು ತೀರ್ಮಾನವಾಯಿತು. ಮಗ ಸೇದುವುದನ್ನು ಬಿಡುವವರೆಗೆ ಸೊಸೆ ಕಾಮಸಮುದ್ರದ ತೌರುಮನೆಯಲ್ಲಿರಲಿ ಎಂದು ಅತ್ತೆಯ ಆಜ್ಞೆ. ಅಲ್ಲಿಂದ ದಿನಾ ಆಂಡರ್ಸನ್‌ಪೇಟೆಗೆ ಬಂದು ಹೋಗುವುದು ಆಗದ ಮಾತು. ಎಂದರೆ ಕೆಲಸವೂ ಹೋದಂತೆಯೇ.

ಇದನ್ನೆಲ್ಲ ನನಗೆ ಹೇಳಿದವಳು ಅವಳೇ. ಒಂದು ಬೆಳಿಗ್ಗೆ ಮೇಜಿನ ಮುಂದೆ ನಿಂತು, ನಡುನಡುವೆ ಉಸಿರು ತೆಗೆದುಕೊಳ್ಳುತ್ತ ಹೇಳಿದಳು.

"ನಮ್ಮೆಜಮಾನ್ರಿಗೆ ನೀವೊಂದ್ ಮಾತ್ ಏಳ್ಬೇಕು ಸಾ. ನೀವ್ ಏಳಿದ್ರೆ ಕೇಳ್ತಾರೆ."

"ಹೇಳ್ತೀನಮ್ಮ. ಕರ್ಕೊಂಡ್ ಬಾ. ನಾಳೆ ಒಂಬತ್ತಕ್ಕೆ."

"ಒಂಬತ್ಗೆ ಆಗಾಕಿಲ್ಲ ಸಾ. ಆಲು ಆಕ್ಬಿಟ್ಟು ಬರ್ಬೇಕು. ಅತ್ತೂ ಮುಕ್ಕಾಲ್ಗೆ ಬತ್ತಾರೆ."

ಡೈರಿಗೆ ಹಾಲು ಹಾಕುವುದು ಏಳು ಗಂಟೆಗೇ ಮುಗಿಯುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ಹತ್ತೂ ಮುಕ್ಕಾಲು ಎಂದು ರಿಜಿಸ್ಟರಿನಲ್ಲಿ ಗುರುತು ಹಾಕಿಕೊಂಡೆ.

ಸಂಜೆ ಮನೆಯಲ್ಲಿ ಭಾಷಣವನ್ನು ತಯಾರು ಮಾಡಿದೆ. ಒಟ್ಟು ನಾಲ್ಕು ಅಂಶ. ಹೆಂಡತಿಯ ಮುಂದೆ ಓದಿ ತೋರಿಸಿದೆ. ಅವಳು ಅವರೆಕಾಯಿ ಬಿಡಿಸುತ್ತ ಕೇಳಿಸಿಕೊಂಡು, "ಚೆನ್ನಾಗೈತೆ. ನಿಮ್ಗೂ ಒಂದು ಕಾಪಿ ಇಟ್ಕೊಳಿ" ಎಂದಳು. ಇಟ್ಟುಕೊಂಡಿದ್ದೇನೆ ಎಂದು ಜೇಬು ತೋರಿಸಿದೆ.

ಮರುದಿನ ಆ ಗಂಡ ಹೇಳಿದ ಹೊತ್ತಿಗೇ ಬಂದ. ಮೊಪೆಡ್ಡನ್ನು ಹೊರಗೆ ನಿಲ್ಲಿಸಿ, ಚಪ್ಪಲಿ ಬಿಟ್ಟು, ಟವೆಲನ್ನು ಕಂಕುಳಿಗೆ ಇರುಕಿಕೊಂಡು ನಿಂತ. ಹಸು ಕಟ್ಟಿ ತರಕಾರಿ ಬೆಳೆಯುವ ಮನುಷ್ಯ. ಎದುರಿನ ಸ್ಟೂಲಿನ ಮೇಲೆ ಕೂರಿಸಿದೆ.

"ನೋಡಪ್ಪ, ನಾನು ನಿನ್ನ ತಂದೆ ಸಮಾನ. ಮುಚ್ಚುಮರೆ ಬೇಡ. ದಿನಕ್ಕೆ ಎಷ್ಟು?"

"ಏನ್ ಸಾ ಎಷ್ಟು?"

"ಸಿಗರೇಟು."

"ನನ್ ಜನ್ಮದಾಗೆ ಬೀಡಿ ಮುಟ್ಟಿಲ್ಲ ಸಾ. ನಮ್ಮವ್ವ ದಿನಾ ಬಾಯಿ ಮೂಸ್ತಾಳೆ. ಮದ್ವೆಯಾಗಿ ಮಕ್ಳಾದೋನ್ನ ನಿಲ್ಸ್ಕೊಂಡು ಊದ್ಲಾ ಅಂತಾಳೆ, ಅಸು ಕಟ್ಟೋ ಜಾಗದಾಗೆ. ಅಸುಗೇ ನಾಚ್ಕೆ."

ಮೆಷಿನುಗಳ ನಡುವಿನಿಂದ ಯಾರೋ ಕಿಸಕ್ಕೆಂದರು. ನಾನು ಮೇಜು ತಟ್ಟಿ ಸದ್ದಡಗಿಸಿದೆ. ಕಳ್ಳರೆಲ್ಲ ಹೀಗೆಯೇ ಹೇಳುವುದು ಎಂದುಕೊಂಡು ಭಾಷಣಕ್ಕೆ ಇಳಿದೆ. ಸೇದುವವನು ತನ್ನ ಎದೆಯನ್ನು ಹಾಳುಮಾಡಿಕೊಳ್ಳುವುದು ಅವನ ಇಷ್ಟ. ಆದರೆ ಅವನ ಹೊಗೆ ಅವನ ಮಾತು ಕೇಳುವುದಿಲ್ಲ. ಪಕ್ಕದಲ್ಲಿ ಕೂತವರ ಎದೆಗೂ ಹೋಗುತ್ತದೆ. ಅವರು ಬೇಡ ಎನ್ನಲಾರರು, ಎದ್ದು ಹೋಗಲಾರರು. ಮೂರನೆಯ ಅಂಶದಲ್ಲಿ ಗಣಿಯ ಕತೆ ಬಂತು. ಹನ್ನೆರಡು ನಿಮಿಷ ಅಡ್ಡ ನಿಂತದ್ದನ್ನು ಕೈ ಚಾಚಿ ತೋರಿಸಿದೆ.

"ಹೊಗೆ ಇರೋ ಕಡೆ ಕೆಲಸಗಾರರನ್ನ ಕೂರಿಸೋನು ಮನುಷ್ಯ ಅಲ್ಲಪ್ಪ," ಎಂದೆ. "ಹೆಣ್ಣುಮಗಳು, ಪಾಪ, ದುಡಿದು ತಿನ್ನೋಳು. ನಿನ್ನ ಹೊಗೆ ಅವಳು ಯಾಕೆ ಕುಡೀಬೇಕು?"

ಈ ಮಾತು ಮುಗಿಸುವಾಗ ಬಾಯಲ್ಲಿ ಸಿಗರೇಟು ಇತ್ತು. ಅದು ಯಾವಾಗ ಬಂತು, ಕಡ್ಡಿ ಯಾವಾಗ ಗೀರಿದೆ, ನನಗೆ ತಿಳಿಯದು. ಹನ್ನೊಂದಾಗಿತ್ತು, ಅಷ್ಟೇ. ನಲವತ್ತೆಂಟು ವರ್ಷ ಪಳಗಿದ ಕೈ ತನ್ನ ಕೆಲಸ ತಾನು ಮಾಡಿತ್ತು. ನಾಲ್ಕನೆಯ ಅಂಶಕ್ಕೆ ಹೋಗುವ ಮುನ್ನ ಒಂದು ದಮ್ಮು ಎಳೆದು ಬಿಟ್ಟೆ ಕೂಡ.

ಒಂದೊಂದಾಗಿ ಮೆಷಿನುಗಳು ನಿಂತವು. ಏಳು ಮೆಷಿನೂ ನಿಂತರೆ ಆ ಶೆಡ್ಡು ಎಷ್ಟು ನಿಶ್ಶಬ್ದ ಎಂಬುದು ಅಂದೇ ನನಗೆ ಗೊತ್ತಾದದ್ದು.

ಎರಡನೆಯ ಮೆಷಿನಿನಲ್ಲಿ ಕೂರುವವರು ಅಲ್ಲಿನವರಲ್ಲೆಲ್ಲ ಹಿರಿಯ ಹೆಂಗಸು, ಮನೆಮಾತು ತಮಿಳು. ಅವರ ತಂದೆ ಗಣಿಯಲ್ಲಿ ನನ್ನ ಕೈಕೆಳಗೇ ಇದ್ದವರು. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ಬಹಳ ವಿನಯದಿಂದ ಕೇಳಿದರು:

"ಪೊಗೆ ಪೋಚ್ಚಾ ಸಾರ್?"

ಏಳೂ ಜನ ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ಗಂಡ ಮಾತ್ರ ನಗಲಿಲ್ಲ. ಅವನು ಮೂಗನ್ನು ಮುಂದೆ ಚಾಚಿ, ಎಮ್ಮೆ ಹುಲ್ಲು ಮೂಸುವಂತೆ ಎರಡು ಸಲ ಗಾಳಿ ಎಳೆದು, ಮುಖ ಅರಳಿಸಿದ.

"ಇದೇ ವಾಸ್ನೆ ಸಾ. ಸೀರೆ ವಾಸ್ನೆ. ಇದೇ."

ಶೆಡ್ಡಿನ ಆ ಕೊನೆಯಿಂದ ಕೆಮ್ಮು ಕೇಳಿಸಿತು. ಕೆಮ್ಮುತ್ತಲೇ ಅವಳು ಎದ್ದು ಬಂದಳು. ಚೀಲದಿಂದ ಮಡಿಚಿದ ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು. ನನ್ನದೇ ಗೆರೆ, ನನ್ನದೇ ಅಕ್ಷರ, ನನ್ನದೇ ಷರಾ, ನನ್ನದೇ ಸಹಿ. ಹನ್ನೊಂದೂ ಹತ್ತು, ಮೂರೂ ನಲವತ್ತು. ಹನ್ನೊಂದೂ ಹತ್ತು, ಮೂರೂ ನಲವತ್ತು. ಗೋಡೆಯ ಗಡಿಯಾರ ನೋಡಿದೆ. ಹನ್ನೊಂದೂ ಎಂಟು. ಆ ದಿನ ಕೆಮ್ಮು ಎರಡು ನಿಮಿಷ ಮುಂಚೆ ಬಂದಿತ್ತು.

"ಗೊತ್ತಿತ್ತಾ ನಿಂಗೆ?" ಎಂದು ಕೇಳಿದೆ.

"ಗೊತ್ತಿತ್ತು ಸಾ."

"ಹೇಳಬಾರದಿತ್ತಾ?"

ಅವಳು ಉತ್ತರಿಸುವ ಮೊದಲು ಉಸಿರು ಸರಿಮಾಡಿಕೊಳ್ಳಬೇಕಾಯಿತು. "ಎಂಗ್ ಏಳೋದು ಸಾ? ನೀವ್ ದೊಡ್ಡೋರು. ರಿಜಿಸ್ಟ್ರು ನಿಮ್ ತಾವ ಐತೆ. ಮನ್ಯಾಗ್ ಏಳಿದ್ರೆ, ಅಂತಾ ಕಡೆ ಕೆಲ್ಸ ಬ್ಯಾಡ ಅಂತಾರೆ. ಈ ಕೆಲ್ಸ ನಂಗ್ ಬೇಕು ಸಾ. ಉಸ್ರೂ ಬೇಕು."

ಹತ್ತೂ ಮುಕ್ಕಾಲು ಎಂದು ಅವಳು ಯಾಕೆ ಹೇಳಿದ್ದಳೆಂದು ಆಗ ನನ್ನ ತಲೆಗೆ ಹೋಯಿತು. ನನಗೆ ಹೇಳುವ ಧೈರ್ಯ ಅವಳಿಗಿರಲಿಲ್ಲ. ಆದರೆ ನನ್ನ ಸಮಯಪಾಲನೆಯ ಮೇಲೆ ಅವಳಿಗೆ ಪೂರ್ತಿ ನಂಬಿಕೆ ಇತ್ತು. ನನಗೆ ಬುದ್ಧಿ ಹೇಳಲು ನನ್ನನ್ನೇ ಕರೆಸಿಕೊಂಡಿದ್ದಳು.

ಸಿಗರೇಟನ್ನು ಮರಳಿನ ಡಬ್ಬದಲ್ಲಿ ಅದುಮಿದೆ. ಅದು ಪೂರ್ತಿ ಮುಗಿಯದೆ ಆರಿದ ನನ್ನ ಮೊದಲ ಸಿಗರೇಟು. ಗಂಡ ಮಾತ್ರ ಬಹಳ ಉತ್ಸಾಹದಲ್ಲಿದ್ದ.

"ಸಾ, ಬಾಯಲ್ ಏಳಿದ್ರೆ ನಮ್ಮವ್ವ ನಂಬಲ್ಲ. ಒಂದ್ ಪೇಪರ್ ಮ್ಯಾಲೆ ಬರ್ಕೊಡಿ."

ಬರೆದುಕೊಟ್ಟೆ. ಶೆಡ್ಡಿನ ಲೆಟರ್‌ಹೆಡ್ಡಿನ ಮೇಲೆ, ಅಂಚು ಬಿಟ್ಟು, ವಿಷಯ ಎಂದು ಅಡಿಗೆರೆ ಎಳೆದು: ಸದರಿ ಮಹಿಳೆಯ ಸೀರೆಯಲ್ಲಿ ಕಂಡುಬಂದಿರುವ ಹೊಗೆಯು ಕೆಳಗೆ ಸಹಿ ಮಾಡಿರುವವನದೇ ಎಂದೂ, ಆಕೆಯ ಪತಿಗೂ ಸದರಿ ಹೊಗೆಗೂ ಯಾವುದೇ ಸಂಬಂಧವಿಲ್ಲವೆಂದೂ ಈ ಮೂಲಕ ದೃಢೀಕರಿಸಲಾಗಿದೆ. ಸೀಲು ಒತ್ತಿದೆ. ಅವನು ಅದನ್ನು ಲ್ಯಾಮಿನೇಷನ್ ಮಾಡಿಸಿ ದೇವರ ಪಟದ ಪಕ್ಕ ಇಟ್ಟಿದ್ದಾನೆಂದು ಆಮೇಲೆ ತಿಳಿಯಿತು.

ಅಂದು ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋದ ಮೇಲೆ ನಾನು ಒಂದು ಊದುಬತ್ತಿ ಹಚ್ಚಿ ನನ್ನ ಮೇಜಿನ ಮೇಲಿಟ್ಟೆ. ಗಣಿಯಲ್ಲಿ ಹೊಗೆ ಯಾವ ಕಡೆ ಸಾಗುತ್ತದೆಂದು ನೋಡಿಯೇ ಗಾಳಿಯ ದಾರಿ ತಿಳಿಯುತ್ತಿದ್ದವನು ನಾನು. ಹೊಗೆ ಕಿಟಕಿಯ ಕಡೆ ಹೋಗಲಿಲ್ಲ. ಕಿಟಕಿಯಿಂದ ಗಾಳಿ ಒಳಗೆ ಬರುತ್ತಿತ್ತು. ಹೊಗೆ ಎರಡನೆಯ ಮೆಷಿನನ್ನು ದಾಟಿ, ಸಾಲಿನಲ್ಲಿದ್ದ ಒಂದೊಂದು ಖಾಲಿ ಸ್ಟೂಲನ್ನೂ ಮಾತಾಡಿಸಿಕೊಂಡು, ಕಾಜಾ ಮೆಷಿನಿನ ಮೇಲೆ ಒಂದು ಸುತ್ತು ಸುತ್ತಿ, ಹಿಂಬಾಗಿಲಿನಿಂದ ಹೊರಗೆ ಹೋಯಿತು. ಆರು ವರ್ಷ ನಾನು ಗಾಳಿ ಒಳಬರುವ ಬಾಯಲ್ಲಿ ಕೂತು ಸೇದಿದ್ದೆ. ಉಳಿದೆರಡು ಕಿಟಕಿಗೆ ಮೊಳೆ ಬೇರೆ ಹೊಡೆದಿದ್ದೆ. ಗಣಿಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಅವನನ್ನು ಅಲ್ಲಿಂದಲೇ ಮೇಲಕ್ಕೆ ಕಳಿಸಿ, ಮತ್ತೆ ಇಳಿಯಲು ಬಿಡುತ್ತಿರಲಿಲ್ಲ.

ಮೊಳೆ ಕೀಳುವ ಇಕ್ಕಳವೂ ಕತ್ತರಿಗಳ ಸಾಲಿನಲ್ಲೇ, ಗೋಡೆಯ ಮೇಲೆ ಬರೆದ ತನ್ನ ಆಕಾರದೊಳಗೇ ಇತ್ತು. ಎರಡೂ ಕಿಟಕಿ ತೆಗೆದೆ.

ಡಾಕ್ಟರಿಗೂ ವಿಷಯ ತಿಳಿಯಬೇಕು ಎಂದು ಮಾರನೆಯ ದಿನ ನಾನೇ ಗಂಡ ಹೆಂಡತಿಯ ಜೊತೆ ಬಂಗಾರಪೇಟೆಗೆ ಹೋದೆ. ಮಗಳ ವಯಸ್ಸಿನ ಡಾಕ್ಟರು. ನಿಂತುಕೊಂಡೇ ಎಲ್ಲವನ್ನೂ ಒಪ್ಪಿಸಿ, ಅಭ್ಯಾಸಬಲದಿಂದ ಕೊನೆಗೆ ಒಂದು ಮಾತು ಸೇರಿಸಿದೆ: "ಶೆಡ್ಡಲ್ಲಿ ಎರಡೇ ಡಾಕ್ಟ್ರೇ. ಅದೂ ಕಿಟಕಿ ಪಕ್ಕ."

"ನಿಮ್ಮ ಪಕ್ಕ ಕಿಟಕಿ ಇತ್ತು," ಎಂದರು ಅವರು. "ಇವರ ಪಕ್ಕ ನೀವಿದ್ರಿ."

ಆಮೇಲೆ ಸಾವಧಾನವಾಗಿ ತಿಳಿಸಿ ಹೇಳಿದರು. ಬೇರೆಯವರು ಬಿಟ್ಟ ಹೊಗೆಯಲ್ಲಿ ಸುರಕ್ಷಿತವಾದ ಅಳತೆ ಎಂಬುದು ಇಲ್ಲ. ಕಿಟಕಿ ತೆರೆದರೂ ಫ್ಯಾನು ಹಾಕಿದರೂ ಅದು ಪೂರ್ತಿ ಹೋಗುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಇಡೀ ದಿನ ಕೂತು ದುಡಿಯುವವರಿಗೆ ತಪ್ಪಿಸಿಕೊಳ್ಳುವ ದಾರಿಯೇ ಇರುವುದಿಲ್ಲ. ಉಬ್ಬಸದವರಿಗೆ ಅದು ಕೂಡಲೇ ತಾಗುತ್ತದೆ, ಉಳಿದವರಿಗೆ ನಿಧಾನಕ್ಕೆ, ಎದೆಗೂ ಹೃದಯಕ್ಕೂ. ಸೇದುವುದು ನಿಂತ ಮೇಲೂ ಪರದೆ, ಬಟ್ಟೆ, ಗೋಡೆಯಲ್ಲಿ ಅದರ ಅಂಶ ಉಳಿದಿರುತ್ತದೆ. ಹದಿನೈದು ದಿನ ಇವರು ಮನೆಯಲ್ಲಿರಲಿ. ಆ ಕೋಣೆ ಸ್ವಚ್ಛವಾದರೆ ಬರಲಿ, ಇಲ್ಲದಿದ್ದರೆ ಬೇಡ. ಪಂಪು ಮಾತ್ರ ಬಿಡುವಂತಿಲ್ಲ.

ಹೊರಗೆ ಬಂದ ಮೇಲೆ ಆ ಗಂಡ, ತನ್ನ ಮೇಲಿನ ಅಪವಾದ ಕಳೆದ ಸಂತೋಷಕ್ಕೆ, ನನಗೆ ಪಾನಿಪುರಿ ತಿನ್ನಿಸಿದ. ಬಂಗಾರಪೇಟೆಯ ಪಾನಿಪುರಿಯ ನೀರು ನೋಡಲು ಬರೀ ನೀರಿನಂತೆಯೇ ಇರುತ್ತದೆ. ಖಾರ ಗೊತ್ತಾಗುವುದು ಒಳಗೆ ಹೋದ ಮೇಲೆ. ನನ್ನ ಕಣ್ಣಿನಿಂದ ನೀರು ಇಳಿಯಿತು. "ಓಗ್ಲಿ ಬುಡಿ ಸಾ, ಬೇಜಾರ್ ಮಾಡ್ಕೋಬ್ಯಾಡಿ" ಎಂದು ಅವನು ನನ್ನ ಬೆನ್ನು ಸವರಿದ. ಖಾರ ಎಂದು ಹೇಳಲು ಬಾಯಿ ಬರಲಿಲ್ಲ. ಪೂರ್ತಿ ಖಾರವೂ ಆಗಿರಲಿಲ್ಲ.

ಬಿಡುವುದಕ್ಕೂ ಒಂದು ವೇಳಾಪಟ್ಟಿ ಹಾಕಿದೆ. ಮೊದಲ ವಾರ ಶೆಡ್ಡಿನ ಎರಡು ಕಡಿತ. ಎರಡನೆಯ ವಾರದಿಂದ ಮನೆಯ ಎರಡೂ ಕಡಿತ. ಕಾಗದದ ಮೇಲೆ ಬಹಳ ಸುಲಭವಾಗಿ ಕಂಡಿತು. ಮೊದಲ ದಿನ ಹನ್ನೊಂದಕ್ಕೆ ಬಲಗೈ ತಾನಾಗಿ ಎದ್ದು, ಜೇಬು ತಡವಿ, ಏನೂ ಸಿಗದೆ, ಚಾಕ್‌ಪೀಸನ್ನು ತುಟಿಗಿಟ್ಟಿತು. ಹಿರಿಯ ಹೆಂಗಸು ಅದನ್ನು ನೋಡಿ, "ಬೆಂಕಿಪೊಟ್ಣ ಬೇಕಾ ಸಾರ್?" ಎಂದರು. ಆ ವಾರ ನಾನು ಯಾರ ಹೊಲಿಗೆಯನ್ನೂ ಒಪ್ಪಲಿಲ್ಲ. ನೆಟ್ಟಗಿದ್ದ ಕಾಲರುಗಳನ್ನೂ ಬಿಚ್ಚಿಸಿ ಮತ್ತೆ ಹೊಲಿಸಿದೆ. ಸೇದುವಾಗಲೇ ಒಳ್ಳೆಯವರಿದ್ದರು ಎಂದು ಹೆಂಗಸರು ತಮಿಳಿನಲ್ಲಿ ಮಾತಾಡಿಕೊಂಡರು. ನನಗೆ ತಮಿಳು ಬರುತ್ತದೆಂಬುದು ಅವರಿಗೆ ಚೆನ್ನಾಗಿ ಗೊತ್ತು.

ಹನ್ನೊಂದು ಮತ್ತು ಮೂರೂವರೆಯ ಹೊತ್ತನ್ನು ಶುಚಿಮಾಡುವುದಕ್ಕೆ ಗೊತ್ತುಮಾಡಿಕೊಂಡೆ. ಪರದೆಗಳನ್ನು ಬಿಚ್ಚಿ ಬಕೆಟ್ಟಿನಲ್ಲಿ ನೆನೆಸಿದರೆ ನೀರು ಕಷಾಯದ ಬಣ್ಣಕ್ಕೆ ತಿರುಗಿತು. ಗೋಡೆಗೆ ಸುಣ್ಣ ಹೊಡೆಸಿದೆ. ಹಳೆಯ ಹಾಜರಿ ಪುಸ್ತಕದ ಹಾಳೆಹಾಳೆಯಲ್ಲೂ ವಾಸನೆ ಇತ್ತು. ಆ ವರ್ಷದ್ದನ್ನಷ್ಟು ಹೊಸ ಪುಸ್ತಕಕ್ಕೆ ಕೂತು ನಕಲು ಮಾಡಿ, ಹಳೆಯದನ್ನು ಕಬ್ಬಿಣದ ಪೆಟ್ಟಿಗೆಗೆ ಹಾಕಿದೆ.

ಮನೆಯಲ್ಲೂ ಪರದೆ ಒಗೆಯಲು ತೆಗೆದಾಗ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಆಯಮ್ಮ ಬರೀ ಆರು ವರ್ಷ ಅಲ್ವೇನ್ರೀ?" ಎಂದಳು.

"ಹೌದು."

"ಇಲ್ಲೂ ಒಬ್ಳು ಕೆಲಸ ಮಾಡ್ತಾ ಇದ್ಲು."

ಪ್ರತಿ ಚಳಿಗಾಲದಲ್ಲಿ ಅವಳಿಗೆ ಬರುವ ಕೆಮ್ಮಿಗೆ ನಾವು ಇಬ್ಬರೂ ಸೇರಿ ಚಳಿಕೆಮ್ಮು ಎಂದು ಹೆಸರಿಟ್ಟಿದ್ದೆವು. ನಾನೇ ಇಟ್ಟ ಹೆಸರು, ಅವಳು ಒಪ್ಪಿಕೊಂಡಿದ್ದಳು. ಅವಳ ಕೆಮ್ಮಿನ ಹೊತ್ತನ್ನು ನಾನು ಯಾವ ಹಾಳೆಯ ಮೇಲೂ ಬರೆದಿರಲಿಲ್ಲ. ಒದ್ದೆ ಪರದೆಯನ್ನು ಹಿಂಡುತ್ತ ನಿಂತೆ. ಹಿಂಡಿ ನೀರು ಮುಗಿದ ಮೇಲೂ ಹಿಂಡುತ್ತಿದ್ದೆ. ಎರಡನೆಯ ವಾರ ಬರುವವರೆಗೆ ಕಾಯಲಿಲ್ಲ. ಮನೆಯ ಎರಡೂ ಅಂದೇ ನಿಂತವು. ವೇಳಾಪಟ್ಟಿ ಮುರಿದದ್ದು ಅದೊಂದೇ ಸಲ.

ಹದಿನಾರನೆಯ ದಿನ ಕಾಜಾ ಹಾಕುವವಳು ಬಂದಳು. ಕೋಲಾರದ ಕಡೆ ಡಿಸೆಂಬರಿನ ಬೆಳಗು ಹೇಗಿರುತ್ತದೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ನಾನು ಎಂಟೂ ಐವತ್ತೈದಕ್ಕೆ ಬೀಗ ತೆಗೆದು, ಮೂರೂ ಕಿಟಕಿ ತೆರೆದು, ಸ್ವೆಟರಿನ ಗುಂಡಿ ಕತ್ತಿನವರೆಗೆ ಹಾಕಿಕೊಂಡು ಸೆಟೆದು ನಿಂತಿದ್ದೆ. ಅವಳು ಹೊಸ್ತಿಲ ಆಚೆಯೇ ನಿಂತಳು. ಒಂದು ಕೈಯಲ್ಲಿ ಬುತ್ತಿ, ಇನ್ನೊಂದು ಕೈಯಲ್ಲಿ ಪಂಪು. ಮುಖ ಸ್ವಲ್ಪ ತುಂಬಿಕೊಂಡಿತ್ತು. ಸಿಳ್ಳೆಯ ಸದ್ದು ಪೂರ್ತಿ ಹೋಗಿರಲಿಲ್ಲ, ಕಿವಿಗೊಟ್ಟರೆ ಕೇಳುತ್ತಿತ್ತು.

"ಒಗೆ ಓಯ್ತಾ ಸಾ?" ಎಂದು ಕೇಳಿದಳು.

ತಮಾಷೆಗೆ ಕೇಳಿದಳೋ ನಿಜಕ್ಕೋ ಗೊತ್ತಾಗಲಿಲ್ಲ. ಆದರೆ ನನ್ನ ಜೀವಮಾನದಲ್ಲಿ ಈ ಪ್ರಶ್ನೆಗೆ ನಾನು ಸುಳ್ಳು ಉತ್ತರ ಕೊಟ್ಟವನಲ್ಲ. ಪರದೆ, ಗೋಡೆ, ಪುಸ್ತಕ, ಎಲ್ಲವನ್ನೂ ಮನಸ್ಸಿನಲ್ಲೇ ಒಮ್ಮೆ ಎಣಿಸಿ, "ಹೋಯ್ತು, ಬಾಮ್ಮ" ಎಂದೆ.

ಅವಳು ಒಳಗೆ ಬಂದು ನನ್ನ ಪಕ್ಕದಿಂದ ಹಾದಳು. ಎರಡು ಹೆಜ್ಜೆ ಹೋಗಿ ನಿಂತಳು. ಗಂಟಲು ಸರಿಮಾಡಿಕೊಂಡಳು. ಮತ್ತೆ ಒಂದು ಸಲ. ಆಮೇಲೆ ಕೆಮ್ಮಿದಳು. ಈ ಸಲ ಅವಳು ತಲೆ ತಗ್ಗಿಸಲಿಲ್ಲ. ನೇರವಾಗಿ ನನ್ನ ಸ್ವೆಟರನ್ನು ನೋಡಿದಳು.

ಆ ಸ್ವೆಟರನ್ನು ನಾನು ವರ್ಷಕ್ಕೆ ಒಂದು ಸಲ ಒಗೆಸುತ್ತೇನೆ, ಸಂಕ್ರಾಂತಿ ಕಳೆದ ಮೇಲೆ. ಹದಿನೈದು ದಿನ ಶೆಡ್ಡಿನ ಮೂಲೆಮೂಲೆಯನ್ನು ತಿಕ್ಕಿದವನು, ಹೊಗೆಯನ್ನು ಮೈಮೇಲೆ ಹಾಕಿಕೊಂಡೇ ತಿಕ್ಕಿದ್ದೆ.

"ನಿಮ್ಮಲ್ಲೇ ಐತೆ ಸಾ," ಎಂದಳು. ದನಿ ಮೆತ್ತಗಿತ್ತು, ಆದರೆ ನಡುಗಲಿಲ್ಲ. "ನೀವ್ ಒಂದರ್ಧ ಗಂಟೆ ಈಚೆ ಇರಿ. ಅದುನ್ನ ಬಿಚ್ಚಿ ಬಿಸ್ಲಿಗಾಕಿ."

ಅಷ್ಟರಲ್ಲಿ ಬಂದು ಕೂತಿದ್ದ ಎರಡನೆಯ ಮೆಷಿನಿನವರು ಕನ್ನಡಕ ಸರಿಮಾಡಿಕೊಂಡು, "ಸಾರ್, ನೀವ್ ಯಾರು ಅಂತ ಹೊಗೆಗೆ ಗೊತ್ತಾಗಲ್ಲ ಸಾರ್," ಎಂದರು.

ಸ್ವೆಟರು ಬಿಚ್ಚಿ ಹೊರಗಿನ ತಂತಿಯ ಮೇಲೆ ಹಾಕಿ, ಬರೀ ಷರ್ಟಿನಲ್ಲಿ ಮೆಟ್ಟಿಲ ಮೇಲೆ ಕುಳಿತೆ. ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ರಸ್ತೆಯಲ್ಲಿ ಹೋಗುವ ಆಟೋದವರು, ತಾತನನ್ನು ಯಾರೋ ಹೊರಗೆ ಹಾಕಿದ್ದಾರೆ ಎಂಬಂತೆ ನೋಡಿಕೊಂಡು ಹೋದರು. ಹಾಕಿದ್ದಂತೂ ನಿಜವೇ. ಒಳಗೆ ಕಾಜಾ ಮೆಷಿನು ಶುರುವಾಯಿತು. ಅದರ ಸದ್ದಿನ ನಡುವೆ ಕೆಮ್ಮು ಬರುತ್ತದೇನೋ ಎಂದು ಕೇಳುತ್ತ ಕುಳಿತೆ. ಹನ್ನೆರಡು ನಿಮಿಷ ಕಳೆದ ಮೇಲೆ ತಡೆಯಲಾರದೆ ಬಾಗಿಲ ಕಡೆ ತಿರುಗಿ ಕೂಗಿ ಕೇಳಿದೆ.

"ಪೊಗೆ ಪೋಚ್ಚಾ?"

"ಇನ್ನೂ ಅದಿನೆಂಟ್ ನಿಮ್ಷ ಐತೆ ಸಾ," ಎಂದಳು ಅವಳು ಒಳಗಿನಿಂದ.

ಗಡಿಯಾರ ನೋಡಿಕೊಂಡೆ. ಲೆಕ್ಕ ಸರಿಯಾಗಿತ್ತು.